ಹುಳ ಹಿಡಿದವರ ಹೆಸರು

ಡ್ಯಾಲಸ್: ನಾಯಿಯ ಮುಂದೆ ತಲೆತಗ್ಗಿಸಿದ್ದು

ಡ್ಯಾಲಸ್ ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ಬಂದು ನನ್ನ ಸೂಟ್‌ಕೇಸಿನ ಪಕ್ಕ ಕೂತಿತು. ಬೊಗಳಲಿಲ್ಲ, ಪರಚಲಿಲ್ಲ. ಮೈಗೆ ಹಸಿರು ಅಂಗಿ ತೊಟ್ಟು, ಪಂಕ್ತಿಯಲ್ಲಿ ಎಲೆ ಹಾಕುವುದನ್ನು ಕಾಯುವವರ ಹಾಗೆ ಶಿಸ್ತಾಗಿ ಕೂತಿತು. ಮುದ್ದಾಗಿದೆಯಲ್ಲ ಎಂದು ತಲೆ ಸವರಲು ಕೈ ಚಾಚಿದೆ. ಅದರ ಹಗ್ಗ ಹಿಡಿದಿದ್ದ ಹೆಂಗಸು, "ಮುಟ್ಟಬೇಡಿ, ಅದು ಡ್ಯೂಟಿಯಲ್ಲಿದೆ" ಎಂದಳು.

ಚಾಚಿದ ಕೈ ಹಿಂದಕ್ಕೆ ತೆಗೆದೆ. ನಾನು ಕೃಷಿ ಕಾಲೇಜಿನಲ್ಲಿ ಕೀಟಶಾಸ್ತ್ರ ಕಲಿಸುವವಳು, ಅದರಲ್ಲೂ ಸಗಣಿ ಹುಳದವಳು. ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ, ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ಸೂಜಿಗೆ ಚುಚ್ಚಿದ ನಲವತ್ತು ಒಣ ಹುಳಗಳು. ಸೂಜಿಯ ಕಾರಣಕ್ಕೆ ಅದನ್ನು ಕೈಚೀಲದಲ್ಲಿ ತರಲು ಬೆಂಗಳೂರಿನಲ್ಲೇ ಬಿಟ್ಟಿರಲಿಲ್ಲ. ಅದಕ್ಕೆ ಬೇಕಾದ ಪರವಾನಗಿ, ಸಹಿ, ಸೀಲು ಎಲ್ಲ ತಿಂಗಳುಗಟ್ಟಲೆ ಅಲೆದು ಮಾಡಿಸಿಕೊಂಡಿದ್ದೆ. ನಾಯಿಗೆ ಕಾಗದ ತೋರಿಸುವುದು ಹೇಗೆ?

ಆದರೆ ನಾಯಿ ಹಿಡಿದದ್ದು ಹುಳವನ್ನಲ್ಲ. ಪೆಟ್ಟಿಗೆಯ ಕೆಳಗೆ, ಒದ್ದೆ ಪೇಪರಿನಲ್ಲಿ ಸುತ್ತಿದ ಎರಡು ಹಿಡಿ ಕರಿಬೇವು. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿರುವ ತಮ್ಮ ತಂಗಿ ಶಾರದೆಗೆಂದು ನಮ್ಮ ಯಜಮಾನರು ನನಗೆ ಹೇಳದೆ ತುರುಕಿದ್ದು. ಒಂದು ಎಲೆಗೆ ಅಂಟಿಕೊಂಡು ಕೀಟ ಹೇಗೆ ಸಮುದ್ರ ದಾಟುತ್ತದೆ ಎಂದು ಪ್ರತಿ ವರ್ಷ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಕೇಳುವವಳು ನಾನು. ತಪಾಸಣೆಯ ಅಧಿಕಾರಿ ಅದೇ ಉತ್ತರವನ್ನು ನನಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. ಪೂರ್ತಿ ಅಂಕ ಕೊಡಬಹುದಾದ ಉತ್ತರ.

ಕರಿಬೇವು ಕಸದ ಡಬ್ಬಿಗೆ ಹೋಯಿತು. ಹುಳದ ಪೆಟ್ಟಿಗೆ ತೆರೆದಾಗ ಮಾತ್ರ ಅವನ ಮುಖ ಅರಳಿತು. ಬಗ್ಗಿ, ಉಸಿರು ತಾಕದಂತೆ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದ.

"ಇವನ್ನೆಲ್ಲ ನೀವೇ ಹಿಡಿದಿರಾ?"

"ಹೌದು, ಎಲ್ಲ ನಾನೇ" ಎಂದೆ. ಕರಿಬೇವಿನಿಂದ ಹೋದ ಮಾನ ಸ್ವಲ್ಪ ವಾಪಸು ಬಂತು.

ಆ ನಲವತ್ತರಲ್ಲಿ ಐದು ಹುಳಗಳಿಗಾಗಿಯೇ ನಾನು ಇಷ್ಟು ದೂರ ಬಂದಿದ್ದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು, ಕಪ್ಪು. ಗಂಡಿಗೆ ಹಣೆಯ ಮೇಲೆ ಹಿಂದಕ್ಕೆ ಬಾಗಿದ ಒಂದು ಕೊಂಬು. ಇಪ್ಪತ್ತೆರಡು ವರ್ಷದ ಹಿಂದೆ ಚಿಂತಾಮಣಿ ಕಡೆಯ ಒಂದು ಹುಲ್ಲುಗಾವಲಿನಲ್ಲಿ ಸಿಕ್ಕವು. ಯಾವ ಪುಸ್ತಕದ ವರ್ಣನೆಗೂ ಹೊಂದಿರಲಿಲ್ಲ. ಹೊಸ ಜಾತಿಯೇ ಆಗಿದ್ದರೆ ಅದಕ್ಕೆ ಮುನಿಯಪ್ಪನ ಹೆಸರಿಡುತ್ತೇನೆ ಎಂದು ಆಗಲೇ ಮಾತು ಕೊಟ್ಟಿದ್ದೆ.

ಮುನಿಯಪ್ಪ ನಮ್ಮ ವಿಭಾಗದ ಅಟೆಂಡರ್. ಸೂಜಿ ಚುಚ್ಚುವುದು, ಚೀಟಿ ಕತ್ತರಿಸುವುದು, ಪೆಟ್ಟಿಗೆಗೆ ನುಸಿಗುಳಿಗೆ ಇಡುವುದು ಎಲ್ಲ ಅವನ ಕೆಲಸ. ಹೊರಗೆ ಹೋದರೆ ಬುಟ್ಟಿ ಸನಿಕೆ ಹೊತ್ತು ಜೊತೆಗೆ ಬರುತ್ತಿದ್ದ. ಈಗ ನಿವೃತ್ತನಾಗಿ ಊರಲ್ಲಿ ರೇಷ್ಮೆ ಹುಳ ಸಾಕುವ ಮಗಳ ಮನೆಯಲ್ಲಿದ್ದಾನೆ. ಒಂದು ಕಣ್ಣಿಗೆ ಪೊರೆ. ಹೊರಡುವ ಮುಂಚೆ ನೋಡಲು ಹೋದಾಗ, "ಅಮ್ಮೋರೆ, ಈ ಸಲ ಹೆಸರು ಆಗೋಗುತ್ತಾ?" ಎಂದು ಕೇಳಿದ. ಊರಲ್ಲಿ ಆಗಲೇ ಎಲ್ಲರಿಗೂ ಹೇಳಿಕೊಂಡಿದ್ದನಂತೆ. ಅಂಗಡಿಯವನು ಅವನನ್ನು 'ಹುಳದ ಮುನಿಯಪ್ಪ' ಎಂದೇ ಕರೆಯುತ್ತಿದ್ದ.

ಹೊಸದೋ ಹಳೆಯದೋ ಎಂದು ತೀರ್ಮಾನವಾಗಬೇಕಾದರೆ, ಹಿಂದೆ ನಮ್ಮ ಸೀಮೆಯಲ್ಲಿ ಹಿಡಿದ ಹುಳಗಳ ಜೊತೆ ಇಟ್ಟು ನೋಡಬೇಕು. ಅಂಥದೊಂದು ಹಳೆಯ ಸಂಗ್ರಹ, ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ, ಆಸ್ಟಿನ್ನಿಗೆ ಬಂದು ಕೂತಿತ್ತು.

ಡ್ಯಾಲಸ್‌ನಿಂದ ರೌಂಡ್ ರಾಕ್‌ಗೆ: ಇರುವೆ, ಚಿಮ್ಮಂಡೆ, ಊಟ

ಕರೆದುಕೊಂಡು ಹೋಗಲು ಬಂದವಳು ಶಿವಲೀಲಾ. ಹಾವೇರಿ ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಆಸ್ಟಿನ್ನಿನಲ್ಲಿ ಬೆಂಕಿ ಇರುವೆಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಕರಿಬೇವಿನ ಕತೆ ಕೇಳಿ ಸ್ಟಿಯರಿಂಗ್ ಹಿಡಿದುಕೊಂಡೇ ನಕ್ಕಳು.

"ಮೇಡಂ, ನಾ ಆ ಪ್ರಶ್ನಾಕ್ಕ ಹತ್ತಕ್ಕ ನಾಕು ಮಾರ್ಕ್ಸ್ ತಗೊಂಡಿದ್ನಿರಿ. ನಿಮಗ ಸೊನ್ನಿ ಬಂತಲ್ರಿ!"

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಕಾಲು ಚಾಚೋಣವೆಂದು ಇಳಿದು ಹುಲ್ಲಿನ ಮೇಲೆ ನಿಂತೆ. ಚಪ್ಪಲಿಯ ಕಾಲು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಯಾರೋ ಸೀಟಿ ಊದಿದ ಹಾಗೆ ಎಲ್ಲ ಇರುವೆಗಳೂ ಒಟ್ಟಿಗೆ ಕಚ್ಚಿದವು. ನಮ್ಮ ಕೆಂಜಿಗ ಕಚ್ಚಿದರೆ ಕೊಡವಿಕೊಂಡು ಮರೆಯಬಹುದು. ಇವು ಕಚ್ಚಿದ ಕಡೆ ಮರುದಿನ ಸಾಸಿವೆಯಷ್ಟು ಕೀವುಗುಳ್ಳೆ ಎದ್ದು, ವಾರವಿಡೀ ನೆನಪು ಕೊಟ್ಟವು. ನಾನು ಕುಣಿಯುತ್ತಿದ್ದರೆ ಶಿವಲೀಲಾ ನೀರು ಸುರಿಯುತ್ತಾ, "ನಾ ಬಾಳ ಹೇಳಿದ್ನಿರಿ, ಶೂ ಹಾಕ್ಕೋರಿ ಅಂತ" ಎಂದಳು. ಹೇಳಿದ್ದಳು, ನಿಜ. ಕೀಟಶಾಸ್ತ್ರದವರಿಗೆ ಕೀಟ ಕಚ್ಚುವುದಿಲ್ಲವೆಂದು ನಾನು ಒಳಗೊಳಗೆ ನಂಬಿದ್ದೆ.

ಅದು ಸೆಪ್ಟೆಂಬರ್. ಆಸ್ಟಿನ್ ಪಕ್ಕದ ರೌಂಡ್ ರಾಕ್ ತಲುಪುವ ಹೊತ್ತಿಗೆ ಸಂಜೆಯಾಗಿ ಅಂಗಡಿಗಳ ದೀಪ ಹತ್ತಿದ್ದವು. ಪ್ರತಿ ಅಂಗಡಿಯ ಬಾಗಿಲಲ್ಲೂ ಕಪ್ಪು ರಾಶಿ. ಹತ್ತಿರ ಹೋಗಿ ನೋಡಿದರೆ ಚಿಮ್ಮಂಡೆ, ನಮ್ಮಲ್ಲಿ ಮೂಲೆಯಲ್ಲಿ ಕೂತು ಕಿರ್ರೆನ್ನುವ ಅದೇ ಹುಳದ ಬಂಧುಗಳು. ಬೆಳಕಿಗೆ ಸಾವಿರಗಟ್ಟಲೆ ಬಂದು ಬಿದ್ದಿದ್ದವು. ಅಂಗಡಿಯವನು ಮೊರದಷ್ಟಗಲದ ಸಲಿಕೆಯಲ್ಲಿ ಬಾಚಿ ಬಾಚಿ ಡಬ್ಬಿಗೆ ತುಂಬುತ್ತಿದ್ದ. ಯಾರೂ ನಿಂತು ನೋಡುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು. ನಾನು ಮಂಡಿಯೂರಿ ಕೂತು ನೋಡುತ್ತಿದ್ದುದನ್ನು ಮಾತ್ರ ಎಲ್ಲರೂ ನಿಂತು ನೋಡಿದರು.

ಊಟ ಶಿವಲೀಲಾಳ ಪರಿಚಯದ ಒಂದು ಕನ್ನಡ ಮನೆಯಲ್ಲಿ. ಅಲ್ಲಿ ಸೇರಿದ್ದ ನಾಲ್ಕೈದು ಸಂಸಾರಗಳೂ ಕಂಪ್ಯೂಟರ್ ಕೆಲಸದವರವು, ಬೆಂಗಳೂರು ಮೈಸೂರಿನವು. ಮಕ್ಕಳಿಗೆ ನಾನು 'ಬಗ್ ಆಂಟಿ'. ಮೈಸೂರಿನವರೊಬ್ಬರು ಬಹಳ ಆಸಕ್ತಿಯಿಂದ ಕೇಳಿದರು: "ಮೇಡಂ, ನೋಡೋಕೆ ಎಲ್ಲ ಒಂದೇ ಥರ ಇರ್ತವಲ್ಲ, ಹೊಸ ಜಾತಿ ಅಂತ ಹೆಂಗೆ ಕನ್ಫರ್ಮ್ ಮಾಡ್ತೀರಿ?"

ಕೇಳಿದ್ದಕ್ಕೆ ಹೇಳಿದೆ. ಹೊರಗಿನ ರೂಪ ನಂಬುವ ಹಾಗಿಲ್ಲ, ಗಂಡು ಹುಳವನ್ನು ನೀರಿನಲ್ಲಿ ನೆನೆಸಿ, ಜನನಾಂಗವನ್ನು ಹೊರತೆಗೆದು, ಸೂಕ್ಷ್ಮದರ್ಶಕದಡಿ ಅದರ ಆಕಾರ ನೋಡಬೇಕು. ಬೀಗಕ್ಕೊಂದು ಕೀಲಿಯ ಹಾಗೆ ಜಾತಿಗೊಂದು ಆಕಾರ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಮನೆಯೊಡತಿಯ ಸೌಟು ಗಾಳಿಯಲ್ಲೇ ನಿಂತಿತು. ಮೈಸೂರಿನವರು ತಟ್ಟೆ ನೋಡಿದರು. ಒಬ್ಬಳು ಪುಟ್ಟ ಹುಡುಗಿ ಮಾತ್ರ ಇಂಗ್ಲಿಷಿನಲ್ಲಿ, "ಹೆಣ್ಣು ಹುಳ ಸಿಕ್ಕರೆ ಏನು ಮಾಡ್ತೀರಿ?" ಎಂದು ಕೇಳಿದಳು. ಆ ರಾತ್ರಿಯ ಅತ್ಯುತ್ತಮ ಪ್ರಶ್ನೆ ಅದು. ಗಂಡು ಸಿಗುವವರೆಗೆ ಕಾಯುತ್ತೇವೆ ಎಂದೆ.

ಟೇಲರ್: ಯಾರೂ ಎತ್ತದ ಸಗಣಿ

ಮರುದಿನ ಭಾನುವಾರ, ಸಂಗ್ರಹಾಲಯಕ್ಕೆ ರಜೆ. ಟೇಲರ್ ಊರಾಚೆ ದನ ಸಾಕುವ ಒಬ್ಬರು ಶಿವಲೀಲಾಗೆ ಗೊತ್ತು. ಅವರ ಹುಲ್ಲುಗಾವಲಿನಲ್ಲೇ ಅವಳು ಇರುವೆ ಹುತ್ತ ಎಣಿಸುವುದು. ಹೆಸರು ಬಿಲ್. ಎಪ್ಪತ್ತರ ಹತ್ತಿರದ ವಯಸ್ಸು, ಅಗಲ ಟೋಪಿ, ಮಾತು ಕಡಿಮೆ.

ಕಣ್ಣು ಹಾಯುವವರೆಗೂ ಹುಲ್ಲು, ಹುಲ್ಲಿನ ಮೇಲೆ ಅಲ್ಲಲ್ಲಿ ಸಗಣಿ. ಬಿದ್ದದ್ದು ಬಿದ್ದ ಹಾಗೇ ಇತ್ತು. ನನಗೆ ಅದೇ ಆಶ್ಚರ್ಯ. ನಮ್ಮಲ್ಲಿ ಹಸು ಬಾಲ ಎತ್ತುವ ಮುಂಚೆ ಹೆಂಗಸರು ಬುಟ್ಟಿ ಹಿಡಿದು ನಿಂತಿರುತ್ತಾರೆ. ಹುಳಕ್ಕೂ ಅವರಿಗೂ ಯಾವಾಗಲೂ ಪೈಪೋಟಿ, ಗೆಲ್ಲುವವರು ಹೆಂಗಸರೇ. ಚಿಂತಾಮಣಿಯಲ್ಲಿ ನಮಗೆ ಒಂದು ಸಗಣಿಯೂ ಒಂದು ದಿನ ಪೂರ್ತಿ ಉಳಿಯುತ್ತಿರಲಿಲ್ಲ. ಮುನಿಯಪ್ಪ ಅವರ ಹಿಂದೆ ಹೋಗಿ, ತೆಲುಗಿನವರ ಹತ್ತಿರ ತೆಲುಗಿನಲ್ಲಿ, ಕನ್ನಡದವರ ಹತ್ತಿರ ಕನ್ನಡದಲ್ಲಿ, "ಅಕ್ಕಾ, ಇದೊಂದು ನಾಳೆವರೆಗೆ ಬಿಟ್ಬಿಡಕ್ಕಾ" ಎಂದು ಗೋಗರೆಯುತ್ತಿದ್ದ. ಬಿಟ್ಟದ್ದರ ಮೇಲೆ ಗುರುತಿಗೆ ಒಂದು ತಂಗಡಿ ಕಡ್ಡಿ ನೆಡುತ್ತಿದ್ದ. ಕಡ್ಡಿ ನೆಟ್ಟದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಇದನ್ನೆಲ್ಲ ಬಿಲ್‌ಗೆ ಹೇಳಿದೆ. ಎತ್ತಿಕೊಂಡು ಹೋಗಿ ಏನು ಮಾಡುತ್ತಾರೆ ಎಂದು ಕೇಳಿದರು. ಗೊಬ್ಬರ ಎಂದೆ, ತಲೆಯಾಡಿಸಿದರು. ಬೆರಣಿ ತಟ್ಟಿ ಒಲೆಗೆ ಎಂದೆ, ತಲೆಯಾಡಿಸಿದರು. ನೆಲ ಸಾರಿಸುತ್ತೇವೆ ಎಂದೆ.

"ಕೊಟ್ಟಿಗೆಯ ನೆಲ?"

"ಮನೆಯದು."

ಅವರು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡರು. ಇಲ್ಲಿ ಎತ್ತುವವರಿಲ್ಲ, ಸಗಣಿಯನ್ನು ಮಣ್ಣಿಗಿಳಿಸುವುದು ಹುಳಗಳೇ, ಅದಕ್ಕೇ ಅವಕ್ಕೆ ಮರ್ಯಾದೆ. ಹಿಂದೊಮ್ಮೆ ಹೊರದೇಶದ ಸಗಣಿ ಹುಳಗಳನ್ನೂ ತಂದು ಈ ರಾಜ್ಯದಲ್ಲಿ ಬಿಟ್ಟಿದ್ದರು. ಬಿಲ್ ತಮ್ಮ ಹುಳಗಳ ವಿಚಾರವನ್ನು ಆಳುಗಳ ವಿಚಾರದ ಹಾಗೆ ಹೇಳುತ್ತಿದ್ದರು: ಈ ಕಡೆಯವು ಚುರುಕು, ಕೆರೆಯ ಕಡೆಯವು ಸೋಮಾರಿ.

ಒಂದು ಸಗಣಿಯ ಅಂಚಿನಲ್ಲಿ ಹೊಸ ಮಣ್ಣು ಕಂಡಿತು. ಶಿವಲೀಲಾ ಸನಿಕೆ ತೆಗೆದುಕೊಂಡಳು. "ಬಿಡಮ್ಮ, ನಾನೇ ಹಿಡೀತೀನಿ" ಎಂದು ಕೂತೆ. ಅಗೆದೆ, ಬಿಲ ಕುಸಿದು ಹುಳ ಹೋಯಿತು. ಇನ್ನೊಂದು ಕಡೆ ಅಗೆದೆ, ಅದೂ ಹೋಯಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಈ ಕೆಲಸ ಇಷ್ಟು ಕಷ್ಟ ಯಾವಾಗಿಂದ ಆಯಿತು ಎಂದುಕೊಂಡೆ. ಆಗ ಮುನಿಯಪ್ಪ ಮಾಡುತ್ತಿದ್ದುದು ನೆನಪಾಯಿತು. ಬಿಲದೊಳಗೆ ಒಂದು ಹುಲ್ಲುಕಡ್ಡಿ ಇಳಿಸಿ, ಅದು ಎತ್ತ ವಾಲುತ್ತದೆಂದು ನೋಡಿ, ಪಕ್ಕದಿಂದ ಅಗೆಯುತ್ತಿದ್ದ. ನಾನು ಕೊಡೆ ಹಿಡಿದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ನಿಂತಿರುತ್ತಿದ್ದೆ.

ಕಡ್ಡಿ ಇಳಿಸಿದೆ. ಮೂರನೆಯದು ಸಿಕ್ಕಿತು. ಬೆನ್ನು ಹಸಿರು, ಎದೆ ತಾಮ್ರ, ರೇಷ್ಮೆ ಸೀರೆಯ ಹಾಗೆ ಬೆಳಕಿಗೆ ಬಣ್ಣ ಬದಲಿಸುವ ಮೈ, ಹಣೆಯಲ್ಲಿ ಉದ್ದ ಕೊಂಬು. ಸಗಣಿಯೊಳಗಿಂದ ಇಷ್ಟು ಚೆಲುವಾದದ್ದು ಬಂದದ್ದಕ್ಕೆ ನಾನು ಚಿಕ್ಕ ಹುಡುಗಿಯ ಹಾಗೆ ಕೂಗಿದೆ. ಬಿಲ್, ಇಟ್ಟುಕೊಳ್ಳಿ ಎಂದರು.

ಆಸ್ಟಿನ್: ಕೆಂಪು ಚೀಟಿ

ಸಂಗ್ರಹಾಲಯದ ಮೇಲ್ವಿಚಾರಕರು ವಾಲ್ಟರ್. ಹೆಗಲಿನಿಂದ ಪ್ಯಾಂಟಿಗೆ ಪಟ್ಟಿ ಹಾಕಿಕೊಂಡ ತೆಳ್ಳನೆಯ ಮುದುಕರು. ಸರಿಯಾಗಿ ಹನ್ನೆರಡಕ್ಕೆ ಅದೇ ಬ್ರೆಡ್ಡು, ಅದೇ ಸೇಬು. ಸೇಬಿನ ಬೀಜವನ್ನೂ ತಿನ್ನುತ್ತಿದ್ದರು. ನಮ್ಮ ಸೀಮೆಯ ಹುಳಗಳ ಡ್ರಾಯರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಟ್ಟು, ಬೇಕಾದರೆ ಕರೆಯಿರಿ ಎಂದು ಹೋದರು.

ನಮ್ಮ ಕಸುಬಿನಲ್ಲಿ ಹುಳಕ್ಕಿಂತ ಚೀಟಿ ಮುಖ್ಯ. ಪ್ರತಿ ಸೂಜಿಯಲ್ಲೂ ಹುಳದ ಕೆಳಗೆ ಉಗುರಿನಷ್ಟು ಕಾಗದ. ಎಲ್ಲಿ ಸಿಕ್ಕಿತು, ಯಾವಾಗ, ಹಿಡಿದವರು ಯಾರು. ಚೀಟಿಯಿಲ್ಲದ ಹುಳ ಕಸಕ್ಕೆ ಸಮ. ಒಂದು ಜಾತಿಗೆ ಮೊದಲು ಹೆಸರಿಟ್ಟಾಗ ಮುಂದಿದ್ದ ಹುಳಕ್ಕೆ ಮಾತ್ರ ಕೆಂಪು ಚೀಟಿ. ಆಮೇಲೆ ಬಂದವರೆಲ್ಲ ತಮ್ಮ ಹುಳವನ್ನು ಅದರ ಮುಂದೆ ಇಟ್ಟು ನೋಡಬೇಕು.

ಮೊದಲ ದಿನ ಏನೂ ಹೊಂದಲಿಲ್ಲ. ನನ್ನ ಖುಷಿ ಏರುತ್ತಾ ಹೋಯಿತು. ಸಂಜೆ ಶಿವಲೀಲಾ ನದಿಯ ಸೇತುವೆಗೆ ಕರೆದೊಯ್ದಳು. ಸೇತುವೆಯಡಿಯಿಂದ ಬಾವಲಿಗಳು ಹೊಗೆಯ ಹಾಗೆ ಎದ್ದು ಹುಳ ತಿನ್ನಲು ಹೊರಟವು. ಜನ ಚಾಪೆ ಹಾಸಿಕೊಂಡು, ತಿಂಡಿ ಕಟ್ಟಿಕೊಂಡು ನೋಡಲು ಬಂದಿದ್ದರು. ಬಾವಲಿ ಕಂಡರೆ ಅಪಶಕುನವೆನ್ನುವ ನಮ್ಮ ಅತ್ತೆ ಇಲ್ಲಿದ್ದಿದ್ದರೆ ಏನೆನ್ನುತ್ತಿದ್ದರೋ. ನಾನು ಮಾತ್ರ ಮನಸ್ಸಿನಲ್ಲೇ ಮುನಿಯಪ್ಪನ ಹೆಸರಿಗೆ, ಹುಳದ ಶಾಸ್ತ್ರೀಯ ಹೆಸರಾಗುವಂತೆ, ಲ್ಯಾಟಿನ್ ಬಾಲ ಜೋಡಿಸಿ ನೋಡುತ್ತಿದ್ದೆ.

ಎರಡನೆಯ ದಿನ, ಕೊನೆಯ ಡ್ರಾಯರಿನ ಮೂಲೆಯಲ್ಲಿ ಅದು ಇತ್ತು. ಕಪ್ಪು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಹಿಂದಕ್ಕೆ ಬಾಗಿದ ಕೊಂಬು, ಕೆಂಪು ಚೀಟಿ. ಅದರ ಜನನಾಂಗವನ್ನು ಯಾರೋ ಆಗಲೇ ಬಿಡಿಸಿ ಪಕ್ಕದ ಕಾಗದಕ್ಕೆ ಅಂಟಿಸಿದ್ದರು. ನನ್ನ ಹುಳದ್ದನ್ನು ಅದರ ಪಕ್ಕ ಇಟ್ಟೆ. ಸೂಕ್ಷ್ಮದರ್ಶಕವನ್ನು ಮೂರು ಸಲ ಸರಿಮಾಡಿದೆ. ಎರಡೂ ಒಂದೇ. ನಾವು ಹುಟ್ಟುವ ಮುಂಚೆಯೇ ಯಾರೋ, ಯಾರೂ ಓದದ ಯಾವುದೋ ಸಣ್ಣ ಪತ್ರಿಕೆಯಲ್ಲಿ, ಇದಕ್ಕೆ ಹೆಸರಿಟ್ಟು ಮುಗಿಸಿದ್ದರು.

ದುಃಖವಾಯಿತು. ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದ ಒಂದು ಮಾತು ಹೋಯಿತು. ವಾಲ್ಟರ್ ಬಂದು ನೋಡಿದರು, ಹೋಗಿ ಒಂದು ಕಪ್ ಕಾಫಿ ತಂದಿಟ್ಟರು.

ಶಿವಲೀಲಾ ಆ ಹಳೆಯ ಹುಳದ ಕೆಳಗಿನ ಚೀಟಿಗಳನ್ನು ಓದತೊಡಗಿದಳು. ಕಂದು ಮಸಿಯಲ್ಲಿ 'ಮೈಸೂರು ಸಂಸ್ಥಾನ' ಎಂದಿತ್ತು. ಅದರಡಿ, ಹಿಡಿದವರ ಹೆಸರಿರಬೇಕಾದ ಜಾಗದಲ್ಲಿ, 'ನೇಟಿವ್ ಕಲೆಕ್ಟರ್' ಎಂದಷ್ಟೇ ಇತ್ತು. ಸ್ಥಳೀಯ ಆಳು, ಅಷ್ಟೆ.

"ಇದೇನ್ರಿ ಮೇಡಂ! ಹೆಸರೇ ಬರದಿಲ್ಲಲ್ರಿ. ಆ ಮನಷ್ಯಾಗ ಹೆಸರ ಇರಲಿಲ್ಲೇನ್ರಿ?"

ನನಗೂ ಸಿಟ್ಟು ಬಂತು. ಸೋತ ಸಿಟ್ಟಿಗೆ ಒಂದು ದಾರಿ ಸಿಕ್ಕಿತು. ಬಿಸಿಲಲ್ಲಿ ಅಗೆದವನು ಯಾರೋ, ಟೋಪಿ ಹಾಕಿಕೊಂಡು ನಿಂತ ದೊರೆಗೆ ಕೀರ್ತಿ ಎಂದೆ. ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕಿತ್ತು ಎಂದೆ. ಇನ್ನೂ ಏನೇನೋ ಎಂದೆ. ಶಿವಲೀಲಾ ತಲೆಯಾಡಿಸುತ್ತಾ, ನನ್ನ ಐದು ಹುಳಗಳನ್ನು ಪೆಟ್ಟಿಗೆಗೆ ಸೇರಿಸಲು ಒಂದೊಂದೇ ಎತ್ತಿ, ಚೀಟಿ ಓದಿ, ಪಟ್ಟಿಗೆ ಟಿಕ್ ಹಾಕುತ್ತಿದ್ದಳು.

"ಚಿಂತಾಮಣಿ... ಹಿಡಿದವರು ಪಿ. ವಿಮಲಾ. ಚಿಂತಾಮಣಿ... ಪಿ. ವಿಮಲಾ. ಇವು ಐದೂ ನೀವೇ ಹಿಡದದ್ದಲ್ರಿ ಮೇಡಂ?"

ಕಾಫಿ ಎತ್ತಿಕೊಂಡೆ. ಆರಿಹೋಗಿತ್ತು. ಐದರಲ್ಲಿ ಒಂದನ್ನೂ ನಾನು ಹಿಡಿದಿರಲಿಲ್ಲ. ನಲವತ್ತರಲ್ಲಿ ಹತ್ತನ್ನು ಹಿಡಿದಿದ್ದರೆ ಹೆಚ್ಚು. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ. ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು. ವಿಜ್ಞಾನಿ ಹೋದ ಪ್ರವಾಸದ ಹುಳ ವಿಜ್ಞಾನಿಯ ಹೆಸರಿಗೆ, ಅಟೆಂಡರ್ ಅಗೆಯುವುದು ಅವನ ಡ್ಯೂಟಿ. ಆ ಹಳೆಯ ದೊರೆ ಒಬ್ಬ ಮನುಷ್ಯ ಇದ್ದ ಎಂದಾದರೂ ಬರೆದಿದ್ದ. ನಾನು ಅದನ್ನೂ ಬರೆದಿರಲಿಲ್ಲ.

"ಇಲ್ಲ ಶಿವಲೀಲಾ" ಎಂದೆ. "ಮುನಿಯಪ್ಪ ಹಿಡಿದದ್ದು."

ಅವಳು ಟಿಕ್ ಹಾಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಮಿಸೌರಿ ಸಿಟಿ: ಊಟದ ಮೇಜಿನ ಮೇಲೆ

ಹ್ಯೂಸ್ಟನ್ ದಾರಿಯಲ್ಲಿ ಕಾರಿನ ಗಾಜಿಗೆ ಜೋಡಿ ಜೋಡಿಯಾಗಿ ಅಂಟಿಕೊಂಡೇ ಹಾರುವ ಕಪ್ಪು ನೊಣಗಳು ಪಟಪಟನೆ ಬಡಿದು ಸಾಯುತ್ತಿದ್ದವು. ಬೇರೆ ದಿನವಾಗಿದ್ದರೆ ಕಾರು ನಿಲ್ಲಿಸಿ ಎಣಿಸುತ್ತಿದ್ದೆ.

ನಾದಿನಿ ಶಾರದೆ ಮೊದಲು ಕೇಳಿದ್ದು ಕರಿಬೇವು. ನಾಯಿಯ ಕತೆ ಹೇಳಿದೆ. "ಅಣ್ಣನ ಕೆಲಸ ಯಾವತ್ತೂ ಹೀಗೇ" ಎಂದು ನಿಟ್ಟುಸಿರು ಬಿಟ್ಟಳು. ಮರುದಿನ ಬೆಳಿಗ್ಗೆ ನಾನು ಊಟದ ಮೇಜಿನ ಮೇಲೆ ಪೆಟ್ಟಿಗೆ ತೆರೆದು, ವಾಲ್ಟರ್ ಕೊಟ್ಟ ದಪ್ಪ ಕಾಗದವನ್ನು ಉಗುರಿನಷ್ಟು ಉಗುರಿನಷ್ಟು ಕತ್ತರಿಸಿಕೊಂಡು ಕೂತೆ. ಎಷ್ಟು ಕತ್ತರಿಸಿದರೂ ಸೊಟ್ಟ. ಮುನಿಯಪ್ಪನ ಚೀಟಿಗಳು ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿರುತ್ತಿದ್ದವು. ಒಂದೊಂದರ ಮೇಲೂ ಸಣ್ಣ ನಿಬ್ಬಿನಲ್ಲಿ 'ಹಿಡಿದವರು: ಮುನಿಯಪ್ಪ' ಎಂದು ಇಂಗ್ಲಿಷಿನಲ್ಲಿ ಬರೆದು, ಸೂಜಿಯನ್ನು ಮೆಲ್ಲಗೆ ಎತ್ತಿ, ಹಳೆಯ ಚೀಟಿಯ ಕೆಳಗೆ ಪೋಣಿಸಿದೆ. ಐದರಲ್ಲಿ ಸಂಗ್ರಹಾಲಯಕ್ಕೆಂದು ಆಸ್ಟಿನ್ನಿನ ಡ್ರಾಯರಿನಲ್ಲಿ ಬಿಟ್ಟು ಬಂದಿದ್ದ ಒಂದು ಹುಳಕ್ಕೂ ಹಿಂದಿನ ದಿನವೇ ಹೀಗೆ ಮಾಡಿದ್ದೆ.

ದೋಸೆ ತಂದಿಟ್ಟ ಶಾರದೆ ಬಗ್ಗಿ ನೋಡಿದಳು. "ಅತ್ತಿಗೆ, ಹಳೇ ಚೀಟಿ ತೆಗೆದುಹಾಕಿ ಹೊಸದೇ ಹಾಕಬಾರದಾ? ಎರಡೆರಡು ಯಾಕೆ?"

"ತೆಗೆಯೋ ಹಾಗಿಲ್ಲ ಕಣೆ. ತಪ್ಪಿದ್ರೂ ಮೊದಲ್ನೇದು ಇರ್ಬೇಕು. ತಿದ್ದಿದ್ದು ಅದರ ಕೆಳಗೆ."

"ಹಾಗಾದ್ರೆ ನೋಡ್ದೋರಿಗೆಲ್ಲ ನಿಮ್ಮ ತಪ್ಪು ಗೊತ್ತಾಗುತ್ತಲ್ಲ!"

"ಗೊತ್ತಾಗುತ್ತೆ" ಎಂದೆ.

ಅವಳ ಕಾಲಿಂಗ್ ಕಾರ್ಡಿನ ಉದ್ದುದ್ದ ನಂಬರು ಒತ್ತಿ, ಮುನಿಯಪ್ಪನ ಪಕ್ಕದ ಮನೆಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಯಾರೋ ಓಡಿಹೋಗಿ ಕರೆತಂದರು. ಉಬ್ಬಸದ ಉಸಿರು ಕೇಳಿಸಿತು.

"ಅಮ್ಮೋರೆ, ಅಲ್ಲಿ ಮಳೆ ಆಯ್ತಾ?" ಮಳೆಯಾದರೆ ಹುಳ ಏಳುತ್ತವೆ, ಅದಕ್ಕೆ.

ಸುತ್ತಿ ಬಳಸಿ ಹೇಳಲು ಆಗಲಿಲ್ಲ. ಹುಳ ಹೊಸದಲ್ಲ, ಹಿಂದೆಯೇ ಹೆಸರಾಗಿದೆ, ನಿನ್ನ ಹೆಸರಿಡಲು ಆಗುವುದಿಲ್ಲ ಎಂದೆ. ಊರಿನವರಿಗೆ ಏನು ಹೇಳುತ್ತಾನೋ ಎಂದು ನನಗೆ ಸಂಕಟವಾಯಿತು.

"ಆ ಹಳೇದು ಹಿಡ್ದೋರು ಯಾರಂತೆ ಅಮ್ಮೋರೆ?"

"ಗೊತ್ತಿಲ್ಲ. ಹೆಸರು ಬರೆದಿಲ್ಲ."

"ನಮ್ಮ ಕಡೆಯೋರೇ ಬಿಡಿ. ಸಗಣಿ ಬಿಟ್ಬಿಡಕ್ಕಾ ಅನ್ನೋಕೆ ನಮ್ಮ ಮಾತು ಬರ್ಬೇಕಲ್ಲ."

ಉಳಿದದ್ದನ್ನೂ ಹೇಳಿದೆ. "ಮುನಿಯಪ್ಪ, ಇನ್ನೊಂದು ವಿಷಯ. ನೀನು ಹಿಡಿದಿದ್ದಕ್ಕೆಲ್ಲ ನಾನು ಚೀಟೀಲಿ ನನ್ನ ಹೆಸರು ಬರ್ಕೊಂಡಿದ್ದೆ. ಈಗ ನಿನ್ನ ಹೆಸರು ಹಾಕಿದ್ದೀನಿ."

"ಗೊತ್ತಮ್ಮೋರೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಚೀಟಿ ಕತ್ತರಿಸ್ತಿದ್ದೋನು ನಾನೇ ಅಲ್ವಾ. ನಿಮ್ಮ ಹೆಸರಿನ ಇಂಗ್ಲಿಷು ನಂಗೆ ಬಾಯಿಪಾಠ."

ಎದುರಿಗೆ ಪೆಟ್ಟಿಗೆಯಲ್ಲಿ ಟೇಲರ್‌ನ ಹಸಿರು ಹುಳ ಇನ್ನೂ ಚೀಟಿಯಿಲ್ಲದೆ ಕೂತಿತ್ತು. ಏನಾದರೂ ಹೇಳಬೇಕೆಂದು ಅದರ ಬಣ್ಣ, ಅದರ ಕೊಂಬು, ಎರಡು ತಪ್ಪಿಸಿಕೊಂಡು ಮೂರನೆಯದು ಸಿಕ್ಕಿದ್ದು, ಕಡ್ಡಿ ಇಳಿಸಿದ್ದು ಎಲ್ಲ ಹೇಳಿದೆ.

"ನೀವೇ ಅಗೆದ್ರಾ?" ಮುನಿಯಪ್ಪನಿಗೆ ನಗು ಬಂದಿತ್ತು.

"ನಾನೇ ಅಗೆದೆ."

"ಹಂಗಾದ್ರೆ ಅದಕ್ಕೆ ನಿಮ್ಮ ಹೆಸರೇ ಹಾಕಿ ಅಮ್ಮೋರೆ."